ಹೊರೆಗಲ್ಲಿನವರೆಗೆ

ಮೊನ್ನೆ ಅಂಕೋಲಾದಲ್ಲಿ ಬಸ್ಸಿಳಿದು ತರಕಾರಿ ತರಲು ಪೇಟೆಯ ಕಡೆ ನಡೆಯುತ್ತಿದ್ದೆ. ಗುಜರಿ ಅಂಗಡಿಯೊಂದರ ಎದುರು, ತುಕ್ಕು ಹಿಡಿದ ಪಂಪುಸೆಟ್ಟು, ಕಾಲು ಮುರಿದ ಕುರ್ಚಿ, ಹರಿದ ಬಲೆಗಳ ರಾಶಿಯ ನಡುವೆ ಒಂದು ಯಂತ್ರ ನಿಂತಿತ್ತು. ಎರಡು ಹಿಡಿಕೆ, ಪಾದ ಇಡಲು ಎರಡು ಹಲಗೆ. ಒಂದು ಹಲಗೆ ಮೇಲೆ, ಒಂದು ಕೆಳಗೆ. ಕೆಳಗಿನ ಹಲಗೆಯ ಮೇಲೆ ಒಂದು ಕೋಳಿ ಬಿಸಿಲಿಗೆ ರೆಕ್ಕೆ ಇಳಿಬಿಟ್ಟು ಕೂತಿತ್ತು.

ಅಂಗಡಿಯವನು ಗಿರಾಕಿ ಸಿಕ್ಕಿದ ಎಂದು ಎದ್ದು ಬಂದ. "ಅದು ಮೆಟ್ಲು ಹತ್ತೂ ಮಷಿನ್ನು. ಹೊಟ್ಟೆ ಇಳಿಸೂಕೆ ಭಾರಿ ಚಲೋ," ಎಂದು ನನ್ನ ಹೊಟ್ಟೆಯನ್ನೇ ನೋಡಿಕೊಂಡು ಹೇಳಿದ.

"ಗೊತ್ತದೆ ಮಾರಾಯ. ಇದನ್ನ ನಾ ಹತ್ತಿದ್ದೆ," ಎಂದೆ.

ಅವನು ನಂಬಲಿಲ್ಲ. ನನ್ನನ್ನು ನೋಡಿದ ಯಾರೂ ನಂಬುವುದಿಲ್ಲ, ಬಿಡಿ. ಆದರೆ ಎಡಗಡೆಯ ಹಿಡಿಕೆಗೆ ಸುತ್ತಿದ್ದ ನೀಲಿ ಬಲೆಹಗ್ಗ ಇನ್ನೂ ಹಾಗೇ ಇತ್ತು. ಅದನ್ನು ಸುತ್ತಿದವನು ಕಾರವಾರದ ಬೈತಖೋಲದಲ್ಲಿ ಜಿಮ್ಮು ಇಟ್ಟಿದ್ದ ಮಂಗೇಶ. ಅವನು ಸುತ್ತುವಾಗ ನಾನು ಪಕ್ಕದಲ್ಲೇ ಕೂತು ಏದುಸಿರು ಬಿಡುತ್ತಿದ್ದೆ. ತರಕಾರಿ ಮರೆತೆ. ಕೋಳಿ ನನ್ನನ್ನು ನೋಡಿತು, ನಾನು ಕೋಳಿಯನ್ನು ನೋಡಿದೆ, ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

ಈ ಯಂತ್ರದ ವಿಷಯ ಹೇಳಬೇಕಾದರೆ ಮೊದಲು ನಮ್ಮೂರ ಗುಡ್ಡದ ವಿಷಯ ಹೇಳಬೇಕು. ನಮ್ಮೂರು ಅಂಕೋಲಾದಿಂದ ತೀರ ದೂರವಿಲ್ಲ. ಮನೆಗಳ ಮುಂದೆಲ್ಲ ಗಜನಿ ಗದ್ದೆ. ಉಬ್ಬರ ಬಂದಾಗ ಉಪ್ಪುನೀರು ನುಗ್ಗುವ, ಒಡ್ಡು ಹಾಕಿ ತಡೆದರೆ ಮಾತ್ರ ಭತ್ತ ಕೊಡುವ ನೆಲ. ಅಲ್ಲಿ ಗುಂಡಿ ತೋಡಿದರೆ ನೀರು, ಕಟ್ಟಿಗೆ ಒಟ್ಟಿದರೆ ಕಟ್ಟಿಗೆಯೂ ಒದ್ದೆ. ಹಾಗಾಗಿ ಹಿರಿಯರು ಸುಡುಗಾಡನ್ನು ಮನೆಗಳ ಹಿಂದಿನ ಗುಡ್ಡದ ಮೇಲೆ ಮಾಡಿಕೊಂಡರು. ಗುಡ್ಡಕ್ಕೆ ಚಿರೆಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳಿವೆ. ಮೆಟ್ಟಿಲು ಮುಗಿಯುವಲ್ಲಿ ಒಂದು ಹೊರೆಗಲ್ಲು. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಹಾಸುಗಲ್ಲು ಹೊದೆಸಿದ್ದು, ಹೆಗಲೆತ್ತರ. ತಲೆಹೊರೆ ಹೊತ್ತವರು ಬಗ್ಗದೆ, ಯಾರ ಕೈಯನ್ನೂ ಕಾಯದೆ ಹೊರೆ ಇಳಿಸಿ ಉಸಿರು ತೆಗೆದುಕೊಳ್ಳಲಿ ಎಂದು ಯಾರೋ ಪುಣ್ಯಾತ್ಮರು ಮಾಡಿಟ್ಟದ್ದು.

ಹೊರೆಗಲ್ಲಿನ ಎಡಕ್ಕೆ ಗೇರುಮರಗಳ ಹಕ್ಕಲ. ಬಲಕ್ಕೆ, ಪೊದೆಗಳ ಆಚೆ, ಸುಡುಗಾಡು. ನಾನು ಚಿಕ್ಕವನಿದ್ದಾಗ ಆಯಿ, ಅಂದರೆ ನನ್ನ ತಾಯಿ, ದಿನಾ ಎಡಗಡೆಯ ಹಕ್ಕಲಕ್ಕೆ ದರಕು ಗುಡಿಸಲು ಹೋಗುತ್ತಿದ್ದಳು. ದರಕು ಎಂದರೆ ಒಣಗಿದ ಎಲೆ, ಕೊಟ್ಟಿಗೆಗೆ ಹಾಸಲಿಕ್ಕೆ. ಅವಳ ತಲೆಯ ಮೇಲೆ ಅವಳಿಗಿಂತ ದೊಡ್ಡ ಹೊರೆ, ಹಿಂದೆ ಗೇರುಹಣ್ಣು ಚೀಪುತ್ತ ನಾನು. ಅಂಗಿಯ ಮೇಲೆಲ್ಲ ಗೇರುಹಣ್ಣಿನ ಕಲೆ, ಅದಕ್ಕೆ ಮನೆಗೆ ಬಂದ ಮೇಲೆ ಬೈಗುಳ. ಹೆಂಗಸರು ಎಡಕ್ಕೆ ಎಷ್ಟು ಬೇಕಾದರೂ ತಿರುಗಾಡುತ್ತಿದ್ದರು, ಬಲಕ್ಕೆ ಕಾಲಿಡುತ್ತಿರಲಿಲ್ಲ. ಕಣ್ಣೂ ಹಾಯಿಸುತ್ತಿರಲಿಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗಲೇ ಅಪ್ಪ ತೀರಿಕೊಂಡ. ಅವನನ್ನು ಆ ಮೆಟ್ಟಿಲುಗಳ ಮೇಲೆ ಹೊತ್ತುಕೊಂಡು ಹೋದರು, ಆಯಿ ಅಂಗಳದಲ್ಲೇ ಉಳಿದಳು. ಹದಿನೈದಿಪ್ಪತ್ತು ದಿನ ಕಳೆದ ಮೇಲೆ ಮತ್ತೆ ಅದೇ ಮೆಟ್ಟಿಲು ಹತ್ತಿ ದರಕು ತರಲು ಹೋದಳು. ಬೇರೆ ದಾರಿ ಇರಲಿಲ್ಲವಲ್ಲ.

ಈಗ ನಮ್ಮ ಮನೆತನದ ಪದ್ಧತಿ ಹೇಳುತ್ತೇನೆ. ಹಿರಿಯ ಮಗ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯಬೇಕು. ಕಿರಿಯವನದು ಚಟ್ಟದ ಮುಂದಿನ ಬಲಮೂಲೆ. ಬಿದಿರು ಅವನ ಎಡಹೆಗಲ ಮೇಲೆ ಬರುತ್ತದೆ. ಸಮನೆಲದಲ್ಲಿ ನಿಲ್ಲಬಹುದು, ಹೆಗಲು ಬದಲಿಸಬಹುದು. ಮೆಟ್ಟಿಲಿಗೆ ಕಾಲಿಟ್ಟ ಮೇಲೆ ಎರಡೂ ಇಲ್ಲ. ಹೊರೆಗಲ್ಲಿನ ಮೇಲೆ ಇಳಿಸುವತನಕ ಒಂದೇ ಉಸಿರು. ನಡುವೆ ನಿಂತರೆ ಸತ್ತವರು ಹಿಂತಿರುಗಿ ಮನೆ ನೋಡುತ್ತಾರಂತೆ, ನೋಡಿದರೆ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲವಂತೆ. ನಾನು ಓದಿದವನು, ಕಾರವಾರದ ಸರಕಾರಿ ಕಚೇರಿಯಲ್ಲಿ ಗುಮಾಸ್ತ, ಇದನ್ನೆಲ್ಲ ನಂಬುತ್ತೇನೆಯೇ ಎಂದು ನೀವು ಕೇಳಬಹುದು. ಹಬ್ಬುವಾಡದ ಬಾಡಿಗೆ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತಾಗ ನಂಬುವುದಿಲ್ಲ. ಆ ಮೆಟ್ಟಿಲುಗಳ ಬುಡದಲ್ಲಿ ನಿಂತಾಗ ನಂಬುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಮ್ಮ ಚಿಕ್ಕಪ್ಪ ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ. ಅಣ್ಣ ಮಡಕೆ ಹಿಡಿದ, ನಾನು ಬಲಮೂಲೆಗೆ ಹೆಗಲು ಕೊಟ್ಟೆ. ಅಷ್ಟರಲ್ಲಾಗಲೇ ನನ್ನ ದೇಹ ಎಲ್ಲಿಗೆ ಬಂದು ಮುಟ್ಟಿತ್ತೆಂದರೆ, ಕಚೇರಿಗೆ ಸ್ಕೂಟರು, ಮಧ್ಯಾಹ್ನ ಬಂಗಡೆ ಸಾರಿನ ಊಟ, ಭಾನುವಾರ ಊಟವಾದ ಮೇಲೆ ನಿದ್ದೆ, ನಿದ್ದೆಯಾದ ಮೇಲೆ ಚಹಾದ ಜತೆ ಇನ್ನೊಂದು ಸಣ್ಣ ಊಟ. ಅರ್ಧದಷ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣು ಮಂಜಾಯಿತು. ಬಾಯಿ ತೆರೆದರೂ ಗಾಳಿ ಒಳಗೆ ಹೋಗಲಿಲ್ಲ. ನಾನು ನಿಂತೆ. ನಾನು ನಿಂತ ಕಾರಣ ಎಲ್ಲರೂ ನಿಂತರು. ಚಿಕ್ಕಪ್ಪನೂ ನಿಂತ.

ನೆರೆಮನೆಯ ಬೊಮ್ಮಯ್ಯ ಹಿಂದಿನಿಂದ ಬಂದು ನನ್ನ ಹೆಗಲ ಪಕ್ಕಕ್ಕೆ ತನ್ನ ಹೆಗಲು ತೂರಿಸಿ ಬಿದಿರನ್ನು ತೆಗೆದುಕೊಂಡ. ಯಾರಾದರೂ ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಸಂಜೆ ಮಿಂದು ಜಗಲಿಯ ಮೇಲೆ ಕೂತಿದ್ದೆ. ಆಯಿ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದಳು. ಅವಳಿಗಾಗಲೇ ಎಂಬತ್ತರ ಹತ್ತಿರ. ಅಣ್ಣ, ಅತ್ತಿಗೆ ಅವಳನ್ನು ಚೆನ್ನಾಗಿಯೇ ನೋಡಿಕೊಂಡಿದ್ದರು, ಆದರೂ ಕಾಲುಗಳು ಸೋತು ಅಂಗಳದಾಚೆ ಹೋಗದೆ ಎರಡು ವರ್ಷವಾಗಿತ್ತು.

"ಮೆಟ್ಲ ಮೇಲೆ ನಿಂತ್ರಂತೆ?" ಎಂದು ಕೇಳಿದಳು.

"ಹೌದು ಆಯಿ. ನನ್ನಿಂದ ಆಯ್ತು."

"ಪಾಪ, ಮನೆ ನೋಡ್ಕಂಡು ಹೋದ. ನೋಡ್ಲಿ ಬಿಡು. ಅವ್ನೇ ಕಟ್ಸಿದ್ದ ಮನೆ."

ಗಜನಿಯ ಕಡೆಯಿಂದ ಕಪ್ಪೆಗಳ ಸದ್ದು ಬರುತ್ತಿತ್ತು. ಅಂಕೋಲಾದ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ, ಅಷ್ಟೇ ಸಾದಾ ಆಗಿ ಕೇಳಿದಳು: "ನಂದು ಹೆಂಗ ತಮಾ?"

"ಎಂತೆಂತದೋ ಮಾತಾಡ್ಬೇಡ," ಎಂದು ಗದರಿಸಿ ಒಳಗೆ ಹೋದೆ. ಒಳಗೆ ಹೋದವನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತೆ.

ಕಾರವಾರಕ್ಕೆ ಬಂದು ಡಾಕ್ಟರ ಹತ್ತಿರ ಹೋದೆ. ಅವರು ರಕ್ತದೊತ್ತಡ ನೋಡಿದರು, ಎದೆಗೆ ತಂತಿ ಅಂಟಿಸಿ ನೋಡಿದರು, ನನ್ನ ಹೊಟ್ಟೆಯನ್ನು ಸುಮ್ಮನೆ ನೋಡಿದರು. "ಹೃದಯ ಕೆಟ್ಟಿಲ್ಲ, ಸೋಮಾರಿಯಾಗಿದೆ. ಭಾರ ಎತ್ತೋದು ಆಮೇಲೆ, ಮೊದಲು ಉಸಿರು ಬೆಳೆಸಿ. ನಿಧಾನವಾಗಿ," ಎಂದರು. ಎಂಥ ಭಾರ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ದಿನಗಳಲ್ಲಿ ನಮ್ಮ ಕಡೆ ಜಿಮ್ಮಿಗೆ ಹೋಗುವವರೆಂದರೆ ತೋಳು ಉಬ್ಬಿಸಿಕೊಳ್ಳುವ ಕಾಲೇಜು ಹುಡುಗರು. ಮಂಗೇಶನ ಜಿಮ್ಮು ಐಸ್ ಪೆಟ್ಟಿಗೆ ಮಾರುವ ಅಂಗಡಿಯ ಮೇಲೆ, ಎರಡನೇ ಮಾಳಿಗೆಯಲ್ಲಿತ್ತು. ಮಂಗೇಶ ನಲವತ್ತರ ಆಸುಪಾಸಿನವನು, ಮೀನುಗಾರರ ಮನೆಯವನು. ಟ್ರಾಲರಿನಲ್ಲಿ ದುಡಿಯುತ್ತಿದ್ದವನಿಗೆ ಬೆನ್ನು ನೋವು ಹಿಡಿದು, ವ್ಯಾಯಾಮದಿಂದ ಗುಣವಾಗಿ, ಆಮೇಲೆ ಅದನ್ನೇ ಕಸುಬು ಮಾಡಿಕೊಂಡಿದ್ದ. ಮೆಟ್ಟಿಲು ಹತ್ತುವ ಯಂತ್ರ ಗೋವೆಯ ಯಾವುದೋ ಹೋಟೆಲಿನಿಂದ ಅವನು ತಂದ ಹಳೇ ಮಾಲು. ಆ ಯಂತ್ರದವರೆಗೆ ತಲುಪಲು ಎರಡು ಮಾಳಿಗೆ ಮೆಟ್ಟಿಲು ಹತ್ತಬೇಕಿತ್ತು. ಮೊದಲ ದಿನ ನಾನು ಮೇಲೆ ಹೋಗಿ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕುಸಿದು ಕೂತದ್ದನ್ನು ನೋಡಿ ಅವನು, "ಸರ್, ಇವತ್ತಿಂದು ಮುಗೀತು, ನಾಳೆ ಬನ್ನಿ," ಎಂದ. ತಮಾಷೆಗೆ ಹೇಳಿದ್ದು. ನಾನು ನಿಜವೆಂದುಕೊಂಡು ಮನೆಗೆ ಹೋದೆ.

ಮರುದಿನ ಯಂತ್ರದ ಮುಂದೆ ಚಪ್ಪಲಿ ಬಿಟ್ಟು, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದೆ. ಅಭ್ಯಾಸಬಲ. ಕಾಲೇಜು ಹುಡುಗರು ಕಿಸಕ್ಕೆಂದರು. ಮಂಗೇಶ ನಗಲಿಲ್ಲ, ಅವನ ಮನೆಯವರೂ ದೋಣಿ ಹತ್ತುವ ಮೊದಲು ಹಾಗೇ ಮಾಡುತ್ತಾರೆ. "ನಾಳೆಯಿಂದ ಶೂ ಹಾಕ್ಕಂಡು ಬನ್ನಿ ಸರ್," ಎಂದಷ್ಟೇ ಹೇಳಿದ.

ಯಂತ್ರ ಸರಳವಾದದ್ದು. ಒಂದು ಹಲಗೆ ತುಳಿದರೆ ಅದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಏರಿದ್ದನ್ನು ತುಳಿಯಬೇಕು. ಹೊಸಬರಿಗೆ ಮಂಗೇಶನ ನಿಯಮ ಒಂದೇ: "ಮಾತಾಡ್ತಾ ಹತ್ಬೇಕು. ಮಾತು ನಿಂತ್ರೆ ಕಾಲೂ ನಿಲ್ಸಿ. ಮಾತಾಡೂಕೆ ಉಸಿರಿಲ್ಲ ಅಂದ್ರೆ ಜಾಸ್ತಿ ಆಯ್ತು ಅಂತ ಅರ್ಥ."

ಕೇಳಲು ಸುಲಭ. ಆದರೆ ನನಗೆ ನಿಲ್ಲಲು ಬರುತ್ತಿರಲಿಲ್ಲ. ಮೆಟ್ಟಿಲಿಗೆ ಕಾಲಿಟ್ಟ ಮೇಲೆ ನಿಲ್ಲಬಾರದು ಎಂಬುದು ಮೈಯಲ್ಲಿ ಇಳಿದುಬಿಟ್ಟಿತ್ತು. ಗುಡ್ಡಕ್ಕಾದರೆ ಕೊನೆಯಲ್ಲಿ ಹೊರೆಗಲ್ಲು ಇದೆ. ಈ ದರಿದ್ರ ಯಂತ್ರಕ್ಕೆ ತುದಿಯೇ ಇಲ್ಲ. ಮಾತು ನಿಂತರೂ ನಾನು ತುಳಿಯುತ್ತಲೇ ಇದ್ದೆ. ಮೊದಲ ವಾರವೇ ಒಮ್ಮೆ, ಮಂಗೇಶ ಆಚೆ ಯಾರಿಗೋ ಏನೋ ತೋರಿಸುತ್ತಿದ್ದ. ಕಣ್ಣು ಮಂಜಾಗಿ, ಎಡಗಡೆಯ ಹಿಡಿಕೆಗೆ ಜೋತುಬಿದ್ದು, ಅದರ ರಬ್ಬರ್ ಕವಚವನ್ನು ಕಿತ್ತುಕೊಂಡು ಕೆಳಗೆ ಬಂದೆ. ಅವನು ಓಡಿ ಬಂದು ನನ್ನನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಚೆನ್ನಾಗಿ ಬೈದ.

"ಎಂತ ಸರ್ ನೀವು! ನಿಲ್ಸಿ ಅಂದ್ರೆ ನಿಲ್ಸೂದಿಲ್ಲ. ನನ್ನ ಜಿಮ್ಮಲ್ಲಿ ಬಿದ್ದು ಸಾಯೂಕೆ ಬಂದೀರ? ಯಾರು ಅಟ್ಟಿಸ್ಕಂಡು ಬರ್ತಾರೆ ನಿಮ್ಗೆ?"

ಬೈಯುತ್ತಲೇ ಹೋಗಿ ನೀಲಿ ಬಲೆಹಗ್ಗ ತಂದು ಹಿಡಿಕೆಗೆ ಸುತ್ತತೊಡಗಿದ. ಸುತ್ತುತ್ತ ಇನ್ನೊಂದು ಪ್ರಶ್ನೆ ಕೇಳಿದ: "ಮತ್ತೆ ತಲೆ ಎಂತಕೆ ಬಲಕ್ಕೆ ವಾಲಿಸ್ತೀರಿ? ದಿನಾ ನೋಡ್ತೆ. ಕುತ್ತಿಗೆ ಉಳುಕದೆಯ?"

ಆಗಲೇ ನನಗೂ ತಿಳಿದದ್ದು. ಎಡಹೆಗಲ ಮೇಲೆ ಬಿದಿರಿಗೆ ಜಾಗ ಬಿಟ್ಟು ನಾನು ಹತ್ತುತ್ತಿದ್ದೆ. ಮಲಗುವಾಗ ಉಳುಕಿತು ಎಂದು ಸುಳ್ಳು ಹೇಳಿದೆ.

ಆದರೆ ಮಾತಾಡುತ್ತ ಹತ್ತಬೇಕೆಂಬ ನಿಯಮ ಇತ್ತಲ್ಲ. ದಿನಾ ಎಷ್ಟೆಂದು ಕಚೇರಿಯ ಸುದ್ದಿ ಹೇಳುವುದು? ಬಂಗಡೆ ಬಂತೇ, ಟ್ರಾಲರು ಹೊರಟಿತೇ ಎಂದು ಎಷ್ಟು ಸಲ ಕೇಳುವುದು? ಒಂದು ದಿನ ಹಲಗೆ ತುಳಿಯುತ್ತ ತುಳಿಯುತ್ತ ಎಲ್ಲ ಹೇಳಿಬಿಟ್ಟೆ. ಗುಡ್ಡ, ಚಿಕ್ಕಪ್ಪ, ನಾನು ನಿಂತದ್ದು, ಆಯಿ ಕೇಳಿದ್ದು. ಹೇಳುವಾಗ ಉಸಿರು ಕಟ್ಟಿತು, ಅವನ ನಿಯಮದ ಪ್ರಕಾರ ನಿಲ್ಲಿಸಿದೆ. ಮಂಗೇಶ ಸ್ವಲ್ಪ ಹೊತ್ತು ಹಿಡಿಕೆಯ ಹಗ್ಗವನ್ನೇ ಸರಿಮಾಡುತ್ತಿದ್ದ.

"ತೂಕ ಇಳಿಸೂಕೆ ಬರ್ತಾರೆ, ಮದ್ವೆ ಫಿಕ್ಸ್ ಆಯ್ತು ಅಂತ ಬರ್ತಾರೆ, ಪೊಲೀಸ್ ಸೆಲೆಕ್ಷನ್ ಅಂತ ಬರ್ತಾರೆ. ಇದಕ್ಕೆ ಅಂತ ನೀವೊಬ್ರೇ ಸರ್," ಎಂದ. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದ: "ನಮ್ಮಪ್ಪ ಗಾಳಿಮಳೆಯಲ್ಲಿ ದೋಣಿ ಸಮೇತ ಹೋದ. ಎಂತದೂ ಸಿಗ್ಲಿಲ್ಲ. ನಂಗೆ ಹೊರೂಕೆ ಎಂತದೂ ಇರ್ಲಿಲ್ಲ ಸರ್."

ಯಂತ್ರದಿಂದ ಇಳಿದು ಅವನ ಪಕ್ಕ ನಿಂತೆ. ಕೆಳಗೆ ಐಸ್ ಪೆಟ್ಟಿಗೆಗಳನ್ನು ರಿಕ್ಷಾಕ್ಕೆ ಹೇರುತ್ತಿದ್ದರು, ನಾವಿಬ್ಬರೂ ಅದನ್ನೇ ನೋಡಿದೆವು.

ಅಂದಿನಿಂದ ಅವನು ನನ್ನನ್ನು ಬೇರೆ ಥರ ನೋಡಿಕೊಂಡ. ಯಂತ್ರವನ್ನು ಹಗುರ ಮಾಡಿ ಇಟ್ಟ. ಸ್ವಲ್ಪ ಹತ್ತು, ಸ್ವಲ್ಪ ನಿಲ್ಲು, ಮತ್ತೆ ಹತ್ತು. ಹಿಡಿಕೆಗೆ ಜೋತುಬೀಳಬೇಡ, ಬೆರಳು ಮುಟ್ಟಿದರೆ ಸಾಕು. ಇಡೀ ಪಾದ ಊರು. "ನಿಲ್ಲೂದು ತಪ್ಪಲ್ಲ ಸರ್," ಎಂದು ದಿನಾ ಹೇಳುತ್ತಿದ್ದ. ತಲೆ ವಾಲಿದರೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಮಳೆಗಾಲ ಕಳೆಯಿತು, ಚಳಿಗಾಲ ಬಂತು. ಹೊಟ್ಟೆ ಅಷ್ಟೇನೂ ಕರಗಲಿಲ್ಲ, ಆದರೆ ಯಂತ್ರದ ಮೇಲೆ ನನ್ನ ಮಾತು ಉದ್ದವಾಗುತ್ತ ಹೋಯಿತು. ನನ್ನ ಹೆಂಡತಿ ಸುಮತಿ, "ಜಿಮ್ಮಿಗೆ ಹೋಗಿ ನಿಮ್ಗೆ ಬಾಯಿಗೇ ವ್ಯಾಯಾಮ ಆಯ್ತು ಕಾಣ್ತದೆ," ಎಂದು ಚುಚ್ಚಿದಳು. ಅವಳಿಗೂ ನಾನು ಅಸಲು ಕಾರಣ ಹೇಳಿರಲಿಲ್ಲ. ತಾಯಿ ಬದುಕಿರುವಾಗ ಅವಳ ಚಟ್ಟಕ್ಕೆ ಹೆಗಲು ತಯಾರು ಮಾಡುತ್ತಿದ್ದೇನೆ ಎಂದು ಯಾರಿಗೆ, ಯಾವ ಬಾಯಲ್ಲಿ ಹೇಳುವುದು?

ಭಾನುವಾರಗಳಲ್ಲಿ ಊರಿಗೆ ಹೋಗುತ್ತಿದ್ದೆ. ಅಲ್ಲಿ ಇನ್ನೊಂದು ಮೆಟ್ಟಿಲು, ಅಟ್ಟದ್ದು. ಏಣಿಯಷ್ಟೇ ಕಡಿದಾದ ಮರದ ಮೆಟ್ಟಿಲು, ಹಿಡಿದುಕೊಳ್ಳಲು ಮೇಲಿನ ತೊಲೆಯಿಂದ ಇಳಿಬಿಟ್ಟ ಹಗ್ಗ. ನನ್ನ ಬಾಲ್ಯದ ಅರ್ಧ ಆ ಹಗ್ಗಕ್ಕೆ ಜೋತುಬಿದ್ದೇ ಕಳೆದಿದೆ. ಬೇಸಿಗೆಯಲ್ಲಿ ಅಟ್ಟದ ತುಂಬ ಹುಲ್ಲು ಹಾಸಿ ಈಶಾಡ ಮಾವು ಹಣ್ಣಿಗಿಡುತ್ತಿದ್ದರು. ಮೇಲೆ ಹೋದರೆ ಕತ್ತಲು, ಸೆಕೆ, ಹಣ್ಣಿನ ಪರಿಮಳ. ಆಯಿ ಒಂದೊಂದನ್ನೇ ಮೂಸಿ ನೋಡಿ ಆರಿಸುತ್ತಿದ್ದಳು. ಒತ್ತಿ ನೋಡಿದರೆ ಹಣ್ಣು ಕೆಡುತ್ತದೆ ಎಂದು ನಮ್ಮ ಬೆರಳಿಗೆ ಹೊಡೆಯುತ್ತಿದ್ದಳು. ನನಗೆ ಜ್ವರ ಬಂದಾಗ ಒಮ್ಮೆ ಹಣ್ಣು ಬೇಕೆಂದು ಹಟ ಹಿಡಿದೆನಂತೆ. ಒಂಟಿ ಬಿಡಲಾರದೆ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು, ಆ ಹಗ್ಗ ಹಿಡಿದು ಅಟ್ಟ ಹತ್ತಿದಳಂತೆ. ಇದನ್ನು ಅವಳೇ ಹೇಳಿದ್ದು, ನನಗೆ ನೆನಪಿಲ್ಲ. ಹೊತ್ತವರಿಗೆ ನೆನಪಿರುತ್ತದೆ.

ಚಳಿಗಾಲ ಕಳೆದು ಗೇರು ಹಣ್ಣಾಗುವ ಕಾಲ, ಒಂದು ಭಾನುವಾರ. ಅತ್ತಿಗೆ ಉಪ್ಪಿನಕಾಯಿಯ ಭರಣಿ ತಂದುಕೊಡಿ ಎಂದಳು. ನಾನು ಅಟ್ಟ ಹತ್ತಿ, ಭರಣಿ ತಬ್ಬಿಕೊಂಡು ಇಳಿದು ಬಂದೆ. ಕೆಳಗೆ ಕೂತಿದ್ದ ಆಯಿ ನೋಡುತ್ತಲೇ ಇದ್ದಳು.

"ತಮಾ, ಇಲ್ಲಿ ಬಾ. ಎಡಹೆಗಲು ಖಾಲಿ ಬಿಟ್ಟು ಹತ್ತೂಕೆ ಯಾರು ಕಲಿಸ್ದ್ರು?"

ಭರಣಿ ಕೆಳಗಿಟ್ಟೆ. ಎಷ್ಟು ಚಟ್ಟಗಳು ಆ ಅಂಗಳದ ಪಕ್ಕದಿಂದ ಹೋದದ್ದನ್ನು ನೋಡಿದವಳು ಅವಳು! ಆ ವಾಲಿದ ತಲೆ ಏನೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಸುಳ್ಳು ಹೇಳಲು ಬಾಯಿ ಬರಲಿಲ್ಲ. ಪಕ್ಕದಲ್ಲಿ ಕೂತು, ಕಾರವಾರದ ಯಂತ್ರದ ಕಥೆಯನ್ನೆಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನಕ್ಕಳು. ಹಲ್ಲಿಲ್ಲದ ಬಾಯಿ ತೆರೆದು, ಸೆರಗು ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಯ್ಯೋ ಹುಚ್ಚಪ್ಪಾ! ಹತ್ತಿದ್ರೂ ಅಲ್ಲೇ ಇರೂ ಮೆಟ್ಲಾ?" ಎಂದಳು. ಆಮೇಲೆ ನಗು ನಿಲ್ಲಿಸಿ ನನ್ನ ಕೈ ಹಿಡಿದಳು. "ಸತ್ತ ಮೇಲೆ ನೀ ಹೊತ್ರೆ ನಂಗೆ ಎಂತ ಕಂಡೀತು? ಈಗ ಹೊರು. ನಂಗೆ ಮೇಲೆ ಹೋಗ್ಬೇಕು. ನಿಮ್ಮಪ್ಪ ಹೋದ ಜಾಗ ನಾ ಒಂದಿನವೂ ನೋಡ್ಲಿಲ್ಲ."

ಅಣ್ಣ ಬೇಡವೆಂದ. ಅತ್ತಿಗೆ, ಹೆಂಗಸರು ಅಲ್ಲಿ ಹೋಗುವುದುಂಟೇ ಎಂದಳು. "ಹೊರೆಗಲ್ಲಿನವರೆಗೆ ನಾ ಜನ್ಮವಿಡೀ ಹೋಗಿದ್ದೆ. ಅಲ್ಲೀವರೆಗೇ ಹೋಗ್ತೆ," ಎಂದಳು ಆಯಿ. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿ ಬಹಳ ದಿನವಾಗಿತ್ತು. ಅಣ್ಣ, ನಿಮ್ಮ ಹಿಂದೆ ಬರುತ್ತೇನೆ ಎಂದ.

ಬಿಸಿಲು ಇಳಿದ ಮೇಲೆ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡೆ. ಚಿಕ್ಕಂದಿನಲ್ಲಿ ಉಪ್ಪಿನ ಮೂಟೆ ಆಡುತ್ತಿದ್ದೆವಲ್ಲ, ಹಾಗೆ. ಎರಡು ಕೈ ನನ್ನ ಕುತ್ತಿಗೆಯ ಸುತ್ತ. ಅವಳಿಗೆ ಭಾರವೇ ಇರಲಿಲ್ಲ, ಒಂದು ಹೊರೆ ದರಕು ಇದ್ದಷ್ಟು. ಆದರೂ ಮೊದಲ ಕಲ್ಲಿನ ಬುಡದಲ್ಲಿ ಒಮ್ಮೆ ತಲೆಯೆತ್ತಿ ನೋಡಿದೆ. ಚಿಕ್ಕಪ್ಪ ನಿಂತ ಜಾಗ ಮೇಲೆ ಕಾಣುತ್ತಿತ್ತು.

"ಮಾತಾಡು ಆಯಿ," ಎಂದೆ. "ಮಾತಾಡ್ತಾ ಹತ್ಬೇಕು."

ಅವಳು ಮಾತಾಡಿದಳು. ಈ ಕಲ್ಲಿನ ಮೇಲೆ ನೀ ಬಿದ್ದು ಮಂಡಿ ಒಡೆದುಕೊಂಡಿದ್ದೆ. ಇಲ್ಲೊಂದು ಮುರುಗಲ ಮರ ಇತ್ತು, ಯಾರು ಕಡಿದರೋ. ಇಲ್ಲಿ ನಾನು ಬಸುರಿಯಿದ್ದಾಗ ಹೊರೆ ಸಮೇತ ಜಾರಿದ್ದೆ, ನೀನು ಹೊಟ್ಟೆಯಲ್ಲಿದ್ದೆ, ಅದಕ್ಕೇ ನೀನು ಹೀಗಾದೆ ಎಂದು ಕಾಣುತ್ತದೆ. ನಾನೂ ಉತ್ತರ ಕೊಡುತ್ತಿದ್ದೆ. ಅರ್ಧಕ್ಕೆ ಬಂದಾಗ ನನ್ನ ಮಾತು ತುಂಡಾಗತೊಡಗಿತು. ಕಾಲು ಮಾತ್ರ ನಿಲ್ಲಲಿಲ್ಲ. ಅವಳು ನನ್ನ ತಲೆಯ ಮೇಲೆ ಮೊಟಕಿದಳು.

"ನಿಲ್ಲು, ನಿಲ್ಲು ತಮಾ! ನಾ ಇನ್ನೂ ಹೆಣ ಅಲ್ಲ. ನಿಲ್ಬಹುದು."

ನಿಂತೆ. ಚಿಕ್ಕಪ್ಪ ನಿಂತ ಕಲ್ಲಿನ ಹತ್ತಿರವೇ. ಅವಳು ಬೆನ್ನ ಮೇಲಿಂದಲೇ ಹಿಂತಿರುಗಿ ಮನೆ ನೋಡಿದಳು. ಹಂಚು, ಅಂಗಳ, ಒಣಹಾಕಿದ ಸೀರೆ, ಅದರಾಚೆ ಗಜನಿಯ ನೀರು. "ಚಲೋ ಕಾಣ್ತದೆ," ಎಂದಳು. ನನ್ನ ಉಸಿರು ಸರಿಯಾಗುವವರೆಗೂ ನೋಡುತ್ತಿದ್ದಳು. ಆಮೇಲೆ, "ಹ್ಞಾ, ನಡಿ," ಎಂದಳು.

ಹೊರೆಗಲ್ಲು ಹೆಗಲೆತ್ತರ ಇದೆ ಎಂದೆನಲ್ಲ. ನಾನು ಬೆನ್ನು ತಿರುಗಿಸಿ ನಿಂತೆ, ಅಣ್ಣ ಕೈಕೊಟ್ಟು ಎತ್ತಿದ, ಅವಳು ಬೆನ್ನಿಂದ ಸೀದಾ ಕಲ್ಲಿನ ಮೇಲೆ ಕೂತಳು. ಜನ್ಮವಿಡೀ ಆ ಕಲ್ಲಿನ ಮೇಲೆ ಹೊರೆ ಇಳಿಸಿದವಳು, ಒಮ್ಮೆಯೂ ಅದರ ಮೇಲೆ ಕೂತವಳಲ್ಲ. ಅಷ್ಟೆತ್ತರದಲ್ಲಿ ಕೂತರೆ ಪೊದೆಗಳ ಆಚೆ ಕಾಣುತ್ತದೆ. ಅವಳು ಬಲಕ್ಕೆ ತಿರುಗಿದಳು. ಕರಿ ಹಿಡಿದ ನೆಲ, ನಾಲ್ಕು ಕಲ್ಲು, ಅದರ ಮೇಲೆ ಬಾಗಿದ ಒಂದು ಗೇರುಮರ, ಕೆಳಗೆಲ್ಲ ಯಾರೂ ಹೆಕ್ಕದ ಹಣ್ಣು.

"ಇಷ್ಟೇಯ?" ಎಂದಳು. "ನಾ ಎಷ್ಟು ದೊಡ್ಡ ಜಾಗ ಅಂದ್ಕಂಡಿದ್ದೆ."

ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಅಣ್ಣ ದೂರ ನಿಂತು ಮುಖ ಒರೆಸಿಕೊಂಡ. ಕೊನೆಗೆ ಅವಳು ನನ್ನ ಎಡಹೆಗಲ ಮೇಲೆ ಕೈಯಿಟ್ಟು, ಧೂಳು ಕೊಡವುವ ಹಾಗೆ ಎರಡು ಸಲ ತಟ್ಟಿ, "ಆಯ್ತಲ್ಲ ತಮಾ. ಹೊತ್ತದ್ದು ಆಯ್ತು," ಎಂದಳು. ನಾನು ಅದನ್ನು ಮೆಚ್ಚುಗೆ ಅಂದುಕೊಂಡೆ. ಸೋಮವಾರ ಜಿಮ್ಮಿಗೆ ಹೋಗಿ ಮಂಗೇಶನಿಗೆ ಹೇಳಿದೆ. ಅವನು ಕಾಲೇಜು ಹುಡುಗರಿಗೆಲ್ಲ ಚಹಾ ತರಿಸಿದ, ಕಾರಣ ಮಾತ್ರ ಹೇಳಲಿಲ್ಲ.

ಆ ವರ್ಷದ ಮಳೆಗಾಲ ಮುಗಿದು ಗಜನಿಯಲ್ಲಿ ತೆನೆ ಬಾಗಿದಾಗ ಆಯಿ ಹೋದಳು. ಹಾಸಿಗೆ ಹಿಡಿಯಲಿಲ್ಲ, ಯಾರಿಗೂ ಕಷ್ಟ ಕೊಡಲಿಲ್ಲ. ಮಿಂದು, ಒದ್ದೆ ಪಂಚೆ ಉಟ್ಟು, ಎಡಹೆಗಲ ಮೇಲೆ ಟವೆಲು ಮಡಿಸಿಕೊಂಡು ನಾನು ಬಲಮೂಲೆಗೆ ಹೋದೆ. ಅಲ್ಲಿ ಬೊಮ್ಮಯ್ಯ ನಿಂತಿದ್ದ. ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದ. ಅಣ್ಣ ಮಡಕೆ ಕೆಳಗಿಟ್ಟು ನನ್ನ ತೋಳು ಹಿಡಿದ.

"ನೀ ಬೇಡ ತಮ್ಮಾ. ಆಯಿ ಹೇಳಿ ಹೋಗಿದ್ದು. ಅವ್ನ ಎದೆ ಗಟ್ಟಿಯಿಲ್ಲ, ನಿಲ್ಲು ಅಂದ್ರೂ ನಿಲ್ಲೂದಿಲ್ಲ, ಅವ ಹೊರೂದು ಬೇಡ. ನಂಗೆ ಜೀವ ಇದ್ದಾಗ್ಲೇ ಹೊತ್ತಿದ್ದ ಅಂತ. ನನ್ನ ಹತ್ರ ಆಣೆ ಹಾಕಿಸ್ಕಂಡಿದ್ದು."

ನನಗೆ ಸಿಟ್ಟು ಬಂತು. ಸತ್ತ ತಾಯಿಯ ಮೇಲೆ, ಅವಳ ಮುಖ ಎದುರಿಗೇ ಇರುವಾಗ ಸಿಟ್ಟು ಬಂತು. ಒಂದೂವರೆ ವರ್ಷ ಯಾತಕ್ಕೆ ತುಳಿದೆ ನಾನು? "ಆಚೆ ಸರಿ ಬೊಮ್ಮಯ್ಯ," ಎಂದು ಕೂಗಿದೆ. ಅವನು ಸರಿಯಲಿಲ್ಲ. ಚಟ್ಟ ಎದ್ದಿತು. ಅಂಗಳ ದಾಟಿತು. ನಾನು ಖಾಲಿ ಹೆಗಲು ಹೊತ್ತುಕೊಂಡು ಪಕ್ಕದಲ್ಲಿ ನಡೆದೆ, ನಡೆಯುವುದು ಬಿಟ್ಟರೆ ಮಾಡುವುದು ಏನೂ ಇರಲಿಲ್ಲ.

ಮೆಟ್ಟಿಲು ಬಂತು. ಎಲ್ಲರೂ ಉಸಿರು ಬಿಗಿಹಿಡಿದರು. ಅರ್ಧ ದಾರಿಗೆ ಎಲ್ಲರ ಏದುಸಿರು ಕೇಳುತ್ತಿತ್ತು, ನನ್ನದು ಕೇಳಲಿಲ್ಲ. ನನ್ನ ಎದೆಯ ತುಂಬ ಉಸಿರಿತ್ತು. ಮಂಗೇಶ ಕಲಿಸಿದ್ದು, ನಾನು ದಿನಾ ಕೂಡಿಟ್ಟದ್ದು ಅಷ್ಟೂ ಹಾಗೇ ಇತ್ತು. ಅದನ್ನು ಏನು ಮಾಡಲಿ ಎಂದು ತಿಳಿಯದೆ ನಾನು ಮಾತಾಡತೊಡಗಿದೆ. ಚಟ್ಟದ ಪಕ್ಕಕ್ಕೆ ಸರಿದು, ಅವಳ ಕಿವಿಯ ಹತ್ತಿರ.

"ಆಯಿ, ಇದು ನಾ ಬಿದ್ದ ಕಲ್ಲು. ಇದು ಮುರುಗಲ ಮರದ ಜಾಗ. ಇಲ್ಲಿ ನೀ ಜಾರಿದ್ದೆ, ನಾ ಹೊಟ್ಟೆಯಲ್ಲಿದ್ದೆ. ಹಿಂದೆ ನೋಡ್ಬೇಡ, ಮನೆ ನೀ ಆಗ್ಲೇ ನೋಡಿದ್ದೆ. ಚಲೋ ಕಾಣ್ತದೆ ಅಂದಿದ್ದೆ. ಇನ್ನು ಸ್ವಲ್ಪವೇ ಆಯಿ."

ಯಾರೂ ತಡೆಯಲಿಲ್ಲ. ಬೊಮ್ಮಯ್ಯ ಅಳುತ್ತಲೇ ಹತ್ತಿದ. ಚಟ್ಟ ಎಲ್ಲೂ ನಿಲ್ಲಲಿಲ್ಲ, ನನ್ನ ಮಾತು ಎಲ್ಲೂ ತುಂಡಾಗಲಿಲ್ಲ.

ಹೊರೆಗಲ್ಲು ಬಂತು. ಅವಳನ್ನು ಅದರ ಮೇಲೆ ಇಳಿಸಿದರು, ಅವಳು ಕೂತಿದ್ದ ಜಾಗದಲ್ಲೇ. ಅಲ್ಲಿ ನನ್ನ ಮಾತು ನಿಂತಿತು. ಕಾಲೂ ನಿಂತಿತು.